ಮಗುವಿನ ಸ್ಪೀಚ್ ಥೆರಪಿ ಮನೆಬಾಗಿಲಲ್ಲಿ, ಮನೆಮಾತಿನಲ್ಲಿ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

ವಾರಕ್ಕೊಮ್ಮೆ, ಅರ್ಧ ಗಂಟೆ. ಹೆಚ್ಚಿನ ಕಡೆ ಮಕ್ಕಳ ಸ್ಪೀಚ್ ಥೆರಪಿ, ಅಂದರೆ ಮಾತಿನ ತೊಂದರೆಗೆ ಕೊಡುವ ಚಿಕಿತ್ಸೆ, ನಡೆಯುವುದು ಹೀಗೆ. ಆ ಅರ್ಧ ಗಂಟೆಗಾಗಿ ಒಬ್ಬ ತಾಯಿ ಎರಡು ಬಸ್ ಹತ್ತಿ ಇಳಿಯಬೇಕು, ಒಂದು ದಿನದ ಕೂಲಿ ಬಿಡಬೇಕು, ಚಿಕ್ಕ ಕೂಸನ್ನು ಯಾರದಾದರೂ ಕೈಗೆ ಕೊಟ್ಟು ಬರಬೇಕು. ಒಂದೆರಡು ತಿಂಗಳು ಹೇಗೋ ಬರುತ್ತಾಳೆ. ಆಮೇಲೆ ಬರುವುದು ನಿಲ್ಲುತ್ತದೆ. ಫೈಲಿನಲ್ಲಿ ‘ಪೋಷಕರ ಸಹಕಾರ ಇಲ್ಲ’ ಎಂದು ಒಂದು ಸಾಲು ಬೀಳುತ್ತದೆ. ಆ ಸಾಲು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಹಕಾರ ಕೊಡದೆ ಇದ್ದದ್ದು ಆ ತಾಯಿಯಲ್ಲ, ನಾವು ಮಾಡಿಟ್ಟ ಏರ್ಪಾಡು.

ಒಂದು ಸಣ್ಣ ಲೆಕ್ಕ ಹಾಕೋಣ. ಮೂರು ವರ್ಷದ ಮಗು ದಿನಕ್ಕೆ ಸುಮಾರು 12 ಗಂಟೆ ಎಚ್ಚರವಾಗಿರುತ್ತದೆ. ವಾರಕ್ಕೆ 80 ಗಂಟೆಗೂ ಜಾಸ್ತಿ. ಅದರಲ್ಲಿ ಥೆರಪಿಸ್ಟ್‌ಗೆ ಸಿಗುವುದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಮಗು ಮನೆಯವರ ಜೊತೆ, ಅಕ್ಕಪಕ್ಕದವರ ಜೊತೆ ಇರುತ್ತದೆ. ಹಾಗಾದರೆ ಮಾತು ಕಲಿಸುವ ಕೆಲಸ ಎಲ್ಲಿ ನಡೆಯಬೇಕು? ಮನೆಯಲ್ಲಿ, ಮನೆಯವರ ಕೈಯಲ್ಲಿ, ಅವರ ಮಾತಿನಲ್ಲಿ. ಅದು ಆಗುವ ಹಾಗೆ ನೋಡಿಕೊಳ್ಳುವುದು ಥೆರಪಿಸ್ಟ್‌ನ ಕೆಲಸ.

ತಜ್ಞರು ಇಲ್ಲದ, ಇದ್ದರೂ ಕೈಗೆಟುಕದ ಜಾಗಗಳಲ್ಲಿ ಕೆಲಸ ಮಾಡುವ ಥೆರಪಿಸ್ಟ್‌ಗಳು, ಆರೋಗ್ಯ ಕಾರ್ಯಕರ್ತೆಯರು, ಶಿಕ್ಷಕರು, ಸ್ವಯಂಸೇವಕರು ಇವರೆಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಒಳ್ಳೆಯದು. ಮೊದಲ ಎರಡನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ.

ಹಂತ 1: ಕಾರ್ಡು, ಫಾರ್ಮು ಬದಿಗಿಡಿ, ಮೊದಲು ಕೇಳಿಸಿಕೊಳ್ಳಿ

ಹೊಸ ಜಾಗಕ್ಕೆ ಹೋದ ಮೊದಲ ಕೆಲವು ಭೇಟಿಗಳಲ್ಲಿ ಮಕ್ಕಳನ್ನು ಪರೀಕ್ಷೆ ಮಾಡಲು ಹೋಗಬೇಡಿ. ಜನರ ಜೊತೆ ಕೂತು ಮಾತಾಡಿ. ಅಲ್ಲಿ ಯಾರ ಮಾತಿಗೆ ಬೆಲೆ ಇದೆಯೋ ಅವರನ್ನು ಕಾಣಿರಿ. ಅದು ಸೂಲಗಿತ್ತಿ ಇರಬಹುದು, ಶಾಲೆಯ ಮೇಷ್ಟ್ರು ಇರಬಹುದು, ಎಲ್ಲರ ಮಕ್ಕಳನ್ನೂ ಎತ್ತಿ ಆಡಿಸಿದ ಒಬ್ಬ ಅಜ್ಜಿ ಇರಬಹುದು.

ಕೇಳಬೇಕಾದ ಪ್ರಶ್ನೆಗಳು ತುಂಬಾ ಸರಳ. ಮಗುವಿನ ಜೊತೆ ದಿನದಲ್ಲಿ ಹೆಚ್ಚು ಹೊತ್ತು ಇರುವವರು ಯಾರು? ಅವರು ಮಗುವಿನ ಜೊತೆ ಯಾವಾಗ ಮಾತಾಡುತ್ತಾರೆ? ಮನೆಯಲ್ಲಿ ಎಷ್ಟು ಭಾಷೆ, ಯಾರ ಜೊತೆ ಯಾವುದು? ಮಗು ಎಷ್ಟು ವಯಸ್ಸಿಗೆ ಮಾತಾಡಬೇಕು ಅಂತ ಇಲ್ಲಿನ ಜನ ಅಂದುಕೊಂಡಿದ್ದಾರೆ? ಮಾತು ಬರದಿದ್ದರೆ ಯಾಕೆ ಬಂದಿಲ್ಲ ಅಂತಾರೆ? ಮೊದಲು ಯಾರ ಹತ್ತಿರ ಕರೆದುಕೊಂಡು ಹೋಗುತ್ತಾರೆ?

ಇದನ್ನೆಲ್ಲ ಯಾಕೆ ಕೇಳಬೇಕು ಅಂದರೆ, ಮಗುವನ್ನು ಮಾತಾಡಿಸುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಮಾನವಶಾಸ್ತ್ರಜ್ಞರಾದ ಎಲಿನರ್ ಓಕ್ಸ್ ಮತ್ತು ಬಾಂಬಿ ಶೀಫೆಲಿನ್ 1980ರ ದಶಕದಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಪಾಪುವಾ ನ್ಯೂಗಿನಿಯ ಕಾಲುಲಿ ಜನರಲ್ಲಿ ತಾಯಂದಿರು ಹಸುಗೂಸಿನ ಜೊತೆ ಎದುರಾಬದುರು ಸಂಭಾಷಣೆ ಮಾಡುವುದೇ ಇಲ್ಲ. ಕೂಸನ್ನು ಹೊರಮುಖವಾಗಿ ಹಿಡಿದುಕೊಂಡು, ಅದರ ಪರವಾಗಿ ತಾವೇ ಬೇರೆಯವರ ಜೊತೆ ಮಾತಾಡುತ್ತಾರೆ. ಸಮೋವಾದಲ್ಲೂ ಮಗುವಿಗೆಂದು ಮಾತನ್ನು ಸುಲಭ ಮಾಡಿ, ಮುದ್ದು ಮಾಡಿ ಹೇಳುವ ವಾಡಿಕೆ ಇರಲಿಲ್ಲ. ಆದರೂ ಆ ಮಕ್ಕಳೆಲ್ಲ ಮಾತು ಕಲಿತರು. ಆದ್ದರಿಂದ ‘ಈ ಮನೆಯವರು ಮಗುವಿನ ಜೊತೆ ನೆಲದ ಮೇಲೆ ಕೂತು ಆಡುವುದಿಲ್ಲ, ಅದಕ್ಕೇ ಮಾತು ಬಂದಿಲ್ಲ’ ಎಂದು ತೀರ್ಮಾನ ಮಾಡುವ ಮುಂಚೆ ನೂರು ಸಲ ಯೋಚಿಸಿ.

ಹಂತ 2: ಮೊದಲು ಕಿವಿ

ಮಾತು ತಡವಾದ ಪ್ರತಿ ಮಗುವಿಗೂ ಕಿವಿ ಪರೀಕ್ಷೆ ಆಗಲೇಬೇಕು. ಪ್ರತಿ ಮಗುವಿಗೂ.

‘ನಮ್ಮ ಮಗುವಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಬಾಗಿಲು ಬಡಿದರೆ ತಿರುಗಿ ನೋಡುತ್ತದೆ’ ಎಂದು ಮನೆಯವರು ಹೇಳುತ್ತಾರೆ. ಅವರು ಹೇಳುವುದು ನಿಜವೇ. ಆದರೆ ಬಾಗಿಲ ಸದ್ದು ದಪ್ಪ ಸದ್ದು. ಅರ್ಧಂಬರ್ಧ ಕಿವುಡಿರುವ ಮಗುವಿಗೂ ಅದು ಕೇಳಬಹುದು. ಅದೇ ಮಗುವಿಗೆ ‘ಸ’, ‘ಶ’ ತರಹದ ತೆಳ್ಳನೆಯ, ಮೇಲಿನ ಸ್ಥಾಯಿಯ ಸದ್ದುಗಳು ಕೇಳದೇ ಇರಬಹುದು. ಮಗುವಿನ ಪಾಲಿಗೆ ಮಾತೆಲ್ಲ ಅರೆಬರೆ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾದ ಮಗುವಿಗೂ ಆಮೇಲೆ ಕಿವಿಯ ತೊಂದರೆ ಬರಬಹುದು. ಪದೇ ಪದೇ ಕಿವಿ ಸೋರುವುದು, ಶೀತವಾದಾಗಲೆಲ್ಲ ಕಿವಿಯೊಳಗೆ ನೀರು ತುಂಬುವುದು ಇದ್ದರೆ ಒಂದು ವಾರ ಕೇಳುತ್ತದೆ, ಇನ್ನೊಂದು ವಾರ ಕೇಳುವುದಿಲ್ಲ.

ಹಸುಗೂಸುಗಳ ವಿಷಯದಲ್ಲಿ ಜಗತ್ತಿನ ತಜ್ಞರು ಒಪ್ಪಿಕೊಂಡಿರುವ ಗುರಿ 1-3-6. ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಇದೆಯೇ ಇಲ್ಲವೇ ಎಂಬ ಖಚಿತ ಉತ್ತರ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಸೌಲಭ್ಯ ಕಡಿಮೆ ಇರುವ ಕಡೆ ಇದು ಸಲೀಸಲ್ಲ. ಹಾಗಾಗಿ ಕಿವಿ ಪರೀಕ್ಷೆಯ ಯಂತ್ರ ಇರುವವರನ್ನು ವರ್ಷಕ್ಕೆ ಒಂದೆರಡು ಸಲವಾದರೂ ಲಸಿಕೆ ಹಾಕುವ ದಿನವೇ ಕರೆಸಲು ಪ್ರಯತ್ನಿಸಿ. ಆ ದಿನ ಮಕ್ಕಳು ಹೇಗಿದ್ದರೂ ಬಂದಿರುತ್ತಾರೆ.

ಹಂತ 3: ಯಾವ ಮಗುವಿನ ಕಡೆ ಗಮನ ಕೊಡಬೇಕು

ಬ್ರಿಟನ್‌ನಲ್ಲಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಬೇರೆ ಯಾವ ಕಾಯಿಲೆಯೂ ಇಲ್ಲದೆ ಭಾಷೆಯ ತೊಂದರೆ ಮಾತ್ರ ಇರುವ ಮಕ್ಕಳು ಶಾಲೆಗೆ ಸೇರುವ ವಯಸ್ಸಿನಲ್ಲಿ ಸುಮಾರು 7%. ಅಂದರೆ 30 ಮಕ್ಕಳ ತರಗತಿಯಲ್ಲಿ ಇಬ್ಬರು. ಬಹಳ ಸಲ ಈ ಮಕ್ಕಳಿಗೆ ಸಿಗುವ ಹೆಸರು ‘ದಡ್ಡ’, ‘ಸೋಮಾರಿ’, ‘ಹೇಳಿದ್ದು ಕೇಳಲ್ಲ’.

ತಡ ಮಾಡದೆ ನೋಡಬೇಕಾದ ಲಕ್ಷಣಗಳು ಇವು:

- ಒಂದು ವರ್ಷವಾದರೂ ‘ಬಬಬ’, ‘ದದದ’ ಎಂಬ ತೊದಲು ಇಲ್ಲ, ಕೈ ತೋರಿಸುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ
- ಒಂದೂವರೆ ವರ್ಷವಾದರೂ ಒಂದು ಪದವೂ ಇಲ್ಲ
- ಎರಡು ವರ್ಷಕ್ಕೆ 50ಕ್ಕಿಂತ ಕಡಿಮೆ ಪದ, ಪದ ಜೋಡಿಸುವುದೂ ಇಲ್ಲ
- ಮೂರು ವರ್ಷಕ್ಕೆ ಮನೆಯವರಿಗೇ ಮಾತು ಅರ್ಥವಾಗುವುದಿಲ್ಲ
- ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ಹೊರಟುಹೋಯಿತು

ಕೊನೆಯದು ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ, ಕೂಡಲೇ ವೈದ್ಯರ ಹತ್ತಿರ ಕಳಿಸಿ.

50 ಪದ ಎಂಬ ಲೆಕ್ಕದ ಬಗ್ಗೆ ಒಂದು ಮಾತು. ಮಗುವಿಗೆ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಸೇರಿಸಿ ಎಣಿಸಬೇಕು. ಇನ್ನು ಪದಕ್ಕೆ ಪ್ರತ್ಯಯ ಅಂಟಿಸಿಕೊಳ್ಳುವ ಭಾಷೆಗಳಲ್ಲಿ ‘ಎರಡು ಪದ ಜೋಡಿಸುತ್ತದೆಯಾ’ ಎಂದು ಮಾತ್ರ ನೋಡಿದರೆ ಸಾಲದು. ‘ಅಜ್ಜಿದು’, ‘ಮನೆಗೆ’ ಎನ್ನುವ ಮಗು ಒಂದೇ ಪದದಲ್ಲಿ ವ್ಯಾಕರಣದ ಒಂದು ಮೆಟ್ಟಿಲು ಹತ್ತಿಯಾಗಿದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಹೋಗುತ್ತದೆ. ಆದರೆ ಮಗು ಮುಖ ಕಿವುಚಿಕೊಂಡು ಒದ್ದಾಡುತ್ತಿದ್ದರೆ, ಮಾತಾಡಲು ಹೆದರುತ್ತಿದ್ದರೆ, ಮನೆಯಲ್ಲಿ ಇನ್ನೂ ಯಾರಿಗಾದರೂ ಉಗ್ಗು ಇದ್ದರೆ ಸುಮ್ನೆ ಕಾಯಬೇಡಿ.

ಹಂತ 4: ಮಗುವಿನ ಭಾಷೆಯಲ್ಲೇ ಪರೀಕ್ಷೆ

ಎಲ್ಲಕ್ಕಿಂತ ಹೆಚ್ಚು ಅನ್ಯಾಯ ಆಗುವುದು ಈ ಹಂತದಲ್ಲಿ. ಒಂದು ಭಾಷೆಯ ಮಕ್ಕಳಿಗೆಂದು ತಯಾರಾದ ಪರೀಕ್ಷೆಯನ್ನು ಇನ್ನೊಂದು ಭಾಷೆಗೆ ಅನುವಾದ ಮಾಡಿ, ಅದರ ಅಂಕಗಳನ್ನೇ ಇಟ್ಟುಕೊಂಡು ಮಗುವಿಗೆ ತೊಂದರೆ ಇದೆ ಎಂದು ಬರೆದುಬಿಡುತ್ತಾರೆ. ಚಿತ್ರದಲ್ಲಿರುವ ವಸ್ತುವನ್ನೇ ಮಗು ಜನ್ಮದಲ್ಲಿ ನೋಡಿಲ್ಲದಿದ್ದರೆ ಅದರ ಹೆಸರು ಹೇಗೆ ಹೇಳೀತು? ಇನ್ನೂ ಒಂದು ಸಂಗತಿ ಇದೆ. ‘ಇದೇನು?’ ಎಂದು ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಎಷ್ಟೋ ಸಮುದಾಯಗಳಲ್ಲಿ ವಿಚಿತ್ರ. ‘ಇವರಿಗೇ ಗೊತ್ತಿದೆಯಲ್ಲ, ಮತ್ಯಾಕೆ ನನ್ನ ಕೇಳುತ್ತಾರೆ’ ಎಂದು ಮಗು ಸುಮ್ಮನಾಗುತ್ತದೆ. ಹಿರಿಯರ ಎದುರು, ಅದರಲ್ಲೂ ಹೊಸಬರ ಎದುರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಕಲಿಸಿದ ಮನೆಯ ಮಗುವೂ ಹಾಗೇ. ಆ ಮೌನಕ್ಕೆ ಸೊನ್ನೆ ಅಂಕ ಬೀಳುತ್ತದೆ.

ಹಾಗಾದರೆ ಏನು ಮಾಡಬಹುದು?

ಮೊದಲು ಮನೆಯವರ ಕಿವಿಯನ್ನು ನಂಬಿ. ಆಸ್ಟ್ರೇಲಿಯಾದ ಶೆರಿನ್ ಮೆಕ್‌ಲಿಯಡ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ‘ಇಂಟೆಲಿಜಿಬಿಲಿಟಿ ಇನ್ ಕಾಂಟೆಕ್ಸ್ಟ್ ಸ್ಕೇಲ್’ ಎಂಬ ಚಿಕ್ಕ ಪ್ರಶ್ನಾವಳಿ ಇದೆ. ಬರೀ ಏಳು ಪ್ರಶ್ನೆ. ಕಳೆದ ಒಂದು ತಿಂಗಳಲ್ಲಿ ಮಗುವಿನ ಮಾತು ನಿಮಗೆ ಅರ್ಥವಾಗುತ್ತದಾ, ಮನೆಯವರಿಗೆ, ನೆಂಟರಿಗೆ, ಜೊತೆಯ ಮಕ್ಕಳಿಗೆ, ಪರಿಚಯದವರಿಗೆ, ಶಿಕ್ಷಕರಿಗೆ, ಅಪರಿಚಿತರಿಗೆ ಅರ್ಥವಾಗುತ್ತದಾ ಎಂದು ಕೇಳಿ ಒಂದರಿಂದ ಐದರವರೆಗೆ ಅಂಕ ಹಾಕುವುದು. 60ಕ್ಕೂ ಹೆಚ್ಚು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಓದು ಬರಹ ಬಾರದವರಿಗೆ ನೀವೇ ಬಾಯಲ್ಲಿ ಕೇಳಿ ಗುರುತು ಹಾಕಿಕೊಳ್ಳಬಹುದು.

ಇನ್ನೊಂದು ದಾರಿ, ಮಗುವಿಗೆ ಈಗ ಏನು ಗೊತ್ತು ಎನ್ನುವುದರ ಬದಲು ಹೊಸದನ್ನು ಹೇಗೆ ಕಲಿಯುತ್ತದೆ ಎಂದು ನೋಡುವುದು. ಯಾರಿಗೂ ಹೆಸರು ಗೊತ್ತಿಲ್ಲದ ಮೂರು ವಸ್ತು ತೆಗೆದುಕೊಳ್ಳಿ. ಹಳೆ ಯಂತ್ರದ ಬಿಡಿಭಾಗವಾದರೂ ಆದೀತು. ಒಂದಕ್ಕೆ ‘ಟೋಮಿ’, ಇನ್ನೊಂದಕ್ಕೆ ‘ಬಿಗಾ’, ಮತ್ತೊಂದಕ್ಕೆ ‘ದೂಪು’ ಎಂದು ಸುಳ್ಳು ಹೆಸರಿಡಿ. ಆಟದ ಮಧ್ಯೆ ಆ ಹೆಸರುಗಳನ್ನು ಹಲವು ಸಲ ಹೇಳಿ. ‘ಟೋಮಿ ಬಿತ್ತು’, ‘ಟೋಮಿ ಎಲ್ಲಿ ಹೋಯ್ತು?’ ಸ್ವಲ್ಪ ಹೊತ್ತಾದ ಮೇಲೆ ‘ಟೋಮಿ ಕೊಡು’ ಅನ್ನಿ. ಮಗು ಬೇಗ ಹಿಡಿದುಕೊಂಡರೆ ಅದಕ್ಕೆ ಆ ಭಾಷೆಯ ಅಭ್ಯಾಸ ಸಾಲದಾಗಿತ್ತು ಅಷ್ಟೇ, ತೊಂದರೆ ಇರುವ ಸಾಧ್ಯತೆ ಕಡಿಮೆ. ಎಷ್ಟು ಸಹಾಯ ಮಾಡಿದರೂ ಹಿಡಿಯದಿದ್ದರೆ ಮುಂದೆ ನೋಡಬೇಕು. ಕಲಿಸುವ ಮುಂಚೆ ನೋಡಿ, ಕಲಿಸಿ, ಆಮೇಲೆ ಮತ್ತೆ ನೋಡುವ ಈ ಕ್ರಮಕ್ಕೆ ಡೈನಾಮಿಕ್ ಅಸೆಸ್‌ಮೆಂಟ್ ಎನ್ನುತ್ತಾರೆ. ಬೇರೆ ಬೇರೆ ಭಾಷೆ, ಹಿನ್ನೆಲೆಯ ಮಕ್ಕಳಿಗೆ ಇದು ಮಾಮೂಲಿ ಪರೀಕ್ಷೆಗಿಂತ ಎಷ್ಟೋ ನ್ಯಾಯವಾದದ್ದು.

ತಾಯಿಗೆ ಕೇಳುವ ಒಂದು ಪ್ರಶ್ನೆಯಂತೂ ನೂರು ಪರೀಕ್ಷೆಗೆ ಸಮ: ‘ಇವನ ಅಣ್ಣ ಅಕ್ಕಂದಿರು, ಇವನ ವಯಸ್ಸಿನ ಬೇರೆ ಮಕ್ಕಳು ಹೇಗೆ ಮಾತಾಡುತ್ತಿದ್ದರು? ಇವನು ಅವರ ಹಾಗೇ ಇದ್ದಾನಾ?’ ಅದೇ ಮನೆ, ಅದೇ ಭಾಷೆ, ಅದೇ ರೀತಿಯ ಬೆಳವಣಿಗೆ. ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಎಲ್ಲಿ ಸಿಗುತ್ತದೆ?

ಉಚ್ಚಾರದ ವಿಷಯದಲ್ಲೂ ಎಚ್ಚರ ಬೇಕು. ಮೆಕ್‌ಲಿಯಡ್ ಮತ್ತು ಕ್ಯಾಥರಿನ್ ಕ್ರೋ 2018ರಲ್ಲಿ 27 ಭಾಷೆಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಐದು ವರ್ಷದ ಹೊತ್ತಿಗೆ ಮಕ್ಕಳು ತಮ್ಮ ಭಾಷೆಯ ಹೆಚ್ಚಿನ ವ್ಯಂಜನಗಳನ್ನು ಕಲಿತಿರುತ್ತಾರೆ ಎಂದು ಕಂಡಿತು. ‘ರ’ ತರಹದ ಸದ್ದುಗಳು ಕೊನೆಗೆ ಬರುವವು. ಮೂರು ವರ್ಷದ ಮಗು ‘ನೀರು’ ಎನ್ನಲು ‘ನೀಲು’ ಎಂದರೆ ಗಾಬರಿ ಬೇಡ. ಹಾಗೆಯೇ, ಆ ಊರಿನ ದೊಡ್ಡವರೇ ಒಂದು ಅಕ್ಷರವನ್ನು ಬಿಟ್ಟು ಅಥವಾ ಬದಲಿಸಿ ಹೇಳುತ್ತಿದ್ದರೆ ಮಗು ಹಾಗೆ ಹೇಳುವುದು ಸರಿಯಾದ ಕಲಿಕೆ. ಉಪಭಾಷೆ ತೊಂದರೆಯಲ್ಲ ಎಂದು ಅಮೆರಿಕದ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್ 1983ರಲ್ಲೇ ಸ್ಪಷ್ಟವಾಗಿ ಹೇಳಿದೆ. ಮೇಲ್ವರ್ಗದವರ ಉಚ್ಚಾರ ಕಲಿಸುವುದು ಥೆರಪಿ ಅಲ್ಲ.

ಹಂತ 5: ಭಾಷೆ ಬಾರದಿದ್ದರೆ ದುಭಾಷಿ, ಅದೂ ತಯಾರಿ ಮಾಡಿಕೊಂಡು

ಮನೆಯ ದೊಡ್ಡ ಮಗುವನ್ನೇ ದುಭಾಷಿ ಮಾಡಬೇಡಿ. ಹತ್ತು ವರ್ಷದ ಹುಡುಗಿಯ ಬಾಯಲ್ಲಿ ‘ನಿನ್ನ ತಮ್ಮನಿಗೆ ತೊಂದರೆ ಇದೆ’ ಎಂದು ಅಮ್ಮನಿಗೆ ಹೇಳಿಸುವುದು ದೊಡ್ಡ ಹೊರೆ. ಅದೇ ಸಮುದಾಯದ, ಗುಟ್ಟು ಕಾಪಾಡುವ ಒಬ್ಬ ದೊಡ್ಡವರನ್ನು ಹುಡುಕಿ, ಅವರ ಸಮಯಕ್ಕೆ ಹಣ ಕೊಡಿ.

ಶುರುಮಾಡುವ ಮುಂಚೆ ಹತ್ತು ನಿಮಿಷ ಅವರ ಜೊತೆ ಕೂತು ಒಂದು ವಿಷಯವನ್ನು ಚೆನ್ನಾಗಿ ಹೇಳಿ: ಮಗು ಹೇಳಿದ್ದನ್ನು ತಿದ್ದಬೇಡಿ. ಮಗು ‘ಅಣ್ಣ ನೀಲು ಚೆಲ್ಲು’ ಎಂದಿರುತ್ತದೆ. ದುಭಾಷಿ ಪ್ರೀತಿಯಿಂದ ‘ಅಣ್ಣ ನೀರು ಚೆಲ್ಲಿದ ಅಂತಿದ್ದಾನೆ’ ಎಂದು ಸರಿಮಾಡಿ ಹೇಳುತ್ತಾರೆ. ನಮಗೆ ಬೇಕಾಗಿದ್ದ ತಪ್ಪು ಅಲ್ಲೇ ಮಾಯ. ಮಗು ಹೇಳಿದ ಹಾಗೇ ಮೊದಲು ಹೇಳಿ, ಅರ್ಥವನ್ನು ಆಮೇಲೆ ಹೇಳಿ ಎಂದು ಕೇಳಿಕೊಳ್ಳಿ. ಮಾತಾಡುವಾಗ ನೀವು ತಾಯಿಯ ಮುಖ ನೋಡಿ ಮಾತಾಡಿ, ದುಭಾಷಿಯ ಮುಖ ಅಲ್ಲ. ಮುಗಿದ ಮೇಲೆ ಮತ್ತೆ ಐದು ನಿಮಿಷ ದುಭಾಷಿಯನ್ನೇ ಕೇಳಿ: ‘ಮಗುವಿನ ಮಾತು ನಿಮ್ಮ ಕಿವಿಗೆ ಹೇಗನ್ನಿಸಿತು?’

ಹಂತ 6: ‘ಮನೆಮಾತು ಬಿಡಿ’ ಎಂದು ಎಂದೂ ಹೇಳಬೇಡಿ

ಎರಡು ಭಾಷೆ ಇರುವುದರಿಂದ ಮಾತು ತಡವಾಗುವುದಿಲ್ಲ. ತೊಂದರೆ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು. ಕೆನಡಾದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆಯನ್ನು ನಿಧಾನವಾಗಿಸುವ ಸ್ಥಿತಿ) ಇರುವ ದ್ವಿಭಾಷಿ ಮಕ್ಕಳು ಅದೇ ಸ್ಥಿತಿಯ, ಅದೇ ಮಟ್ಟದ ಏಕಭಾಷಿ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಆದರೂ ‘ಮನೆಯಲ್ಲಿ ಶಾಲೆಯ ಭಾಷೆ ಮಾತ್ರ ಮಾತಾಡಿ’ ಎಂಬ ಸಲಹೆ ಇನ್ನೂ ಸಿಗುತ್ತಲೇ ಇದೆ. ಅದನ್ನು ನಂಬಿದ ತಾಯಿ ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ನಾಲ್ಕು ಮಾತಾಡಿ ಸುಮ್ಮನಾಗುತ್ತಾಳೆ. ಅಜ್ಜಿಯ ಜೊತೆ ಮಗುವಿನ ನಂಟೇ ಕಡಿದುಹೋಗುತ್ತದೆ. ಮಾತು ಕಡಿಮೆ ಇರುವ ಮಗುವಿಗೆ ಮಾತು ಕೇಳಿಸುವುದನ್ನೇ ಕಡಿಮೆ ಮಾಡಿದ ಹಾಗಾಯಿತು, ಅಲ್ವಾ? ತನ್ನ ಸಮುದಾಯದ ಭಾಷೆ ಆಡುವುದು ಮಗುವಿನ ಹಕ್ಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಅಲ್ಪಸಂಖ್ಯಾತ ಮತ್ತು ಮೂಲನಿವಾಸಿ ಮಕ್ಕಳಿಗೆ ಇದನ್ನು ಕೊಟ್ಟಿದೆ.

ಹಂತ 7: ಗುರಿ ಯಾವುದೆಂದು ಮನೆಯವರೇ ಹೇಳಲಿ

‘ಇವನು ಏನು ಹೇಳುವಂತಾದರೆ ನಿಮಗೆ ದಿನ ಸುಲಭವಾಗುತ್ತದೆ?’ ಎಂದು ಕೇಳಿ. ಥೆರಪಿಸ್ಟ್ ಮನಸ್ಸಿನಲ್ಲಿ ‘ಸ’ ಉಚ್ಚಾರ ಇರಬಹುದು. ತಾಯಿ ಹೇಳುವುದು ಬೇರೆ: ‘ಎಲ್ಲಿ ನೋವಾಗುತ್ತಿದೆ ಅಂತ ಹೇಳಿದರೆ ಸಾಕು. ಅಳುತ್ತಲೇ ಇರುತ್ತಾನೆ, ನನಗೆ ಗೊತ್ತಾಗುವುದಿಲ್ಲ.’ ಹಾಗಾದರೆ ಮೊದಲ ಗುರಿ ಅದೇ. ಹೊಟ್ಟೆ, ಕಿವಿ, ತಲೆ, ನೋವು. ಪದ ಬಾರದಿದ್ದರೆ ಕೈಯಿಟ್ಟು ತೋರಿಸುವ ಸನ್ನೆ.

ಸನ್ನೆ, ಚಿತ್ರ ಕೊಟ್ಟರೆ ಮಗು ಮಾತೇ ಕಲಿಯುವುದಿಲ್ಲ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಇದರ ಮೇಲೆ ನಡೆದ ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಯಾರ ಮಾತೂ ಕಡಿಮೆಯಾಗಿರಲಿಲ್ಲ, ಹೆಚ್ಚಿನವರಲ್ಲಿ ಸ್ವಲ್ಪ ಹೆಚ್ಚಿತ್ತು. ಮನೆಯವರಿಗೆ ಇದನ್ನು ಧೈರ್ಯವಾಗಿ ಹೇಳಿ.

ಹಂತ 8: ಮನೆಯಲ್ಲಿ ಈಗಾಗಲೇ ನಡೆಯುವ ಕೆಲಸದೊಳಗೆ ಥೆರಪಿ

ಮನೆಯವರಿಗೆ ಕಲಿಸಿದರೆ ಕೆಲಸ ಆಗುತ್ತದಾ? ಆಗುತ್ತದೆ. ಸಂಶೋಧಕಿಯರಾದ ಮೇಗನ್ ರಾಬರ್ಟ್ಸ್ ಮತ್ತು ಆ್ಯನ್ ಕೈಸರ್ 2011ರಲ್ಲಿ 18 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ತಂದೆತಾಯಿ ತಾವೇ ನಡೆಸಿದ ಭಾಷಾ ಕಲಿಕೆಯಿಂದ ಮಕ್ಕಳ ಮಾತು, ಗ್ರಹಿಕೆ ಎರಡೂ ಸುಧಾರಿಸಿದ್ದವು. ಚಿಕ್ಕ ಮಕ್ಕಳ ಉಗ್ಗಿಗೆ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್ಕಂಬ್ ವಿಧಾನವೂ ತಂದೆತಾಯಿಯ ಕೈಯಲ್ಲೇ ನಡೆಯುವಂಥದ್ದು.

ಆದರೆ ‘ದಿನಾ ಇಪ್ಪತ್ತು ನಿಮಿಷ ಮಗುವಿನ ಜೊತೆ ಆಟವಾಡಿ’ ಎಂದು ಹೇಳಿ ಕಳಿಸಬೇಡಿ. ಬೆಳಗಿನಿಂದ ದುಡಿಯುವವರಿಗೆ ಆ ಇಪ್ಪತ್ತು ನಿಮಿಷ ಎಲ್ಲಿಂದ ಬರಬೇಕು? ಹೊಸ ಕೆಲಸ ಹೇರುವುದು ಬೇಡ. ಇರುವ ಕೆಲಸದಲ್ಲೇ ಮಾತು ಸೇರಿಸಿ.

ಸ್ನಾನದ ಹೊತ್ತನ್ನೇ ತೆಗೆದುಕೊಳ್ಳಿ. ಅಜ್ಜಿ ಮೊಮ್ಮಗನಿಗೆ ನೀರು ಹೊಯ್ಯುತ್ತಿದ್ದಾಳೆ. ಮಗುವಿಗೆ ನೀರೆಂದರೆ ಖುಷಿ. ಎರಡು ಚೊಂಬು ಹೊಯ್ದ ಮೇಲೆ ಮೂರನೆಯದನ್ನು ಎತ್ತಿ ಹಿಡಿದು ನಿಲ್ಲಿಸಲು ಅಜ್ಜಿಗೆ ಹೇಳಿ. ಸುಮ್ನೆ ಮಗುವಿನ ಮುಖ ನೋಡುತ್ತಾ ನಿಲ್ಲಬೇಕು. ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಕಷ್ಟದ ಭಾಗ ಇದೇ, ಯಾಕೆಂದರೆ ನಮಗೆಲ್ಲ ಎರಡು ಎಣಿಸುವಷ್ಟರಲ್ಲಿ ಬಾಯಿ ತಡೆಯುವುದಿಲ್ಲ. ಮಗು ಚೊಂಬನ್ನು ನೋಡುತ್ತದೆ, ಅಜ್ಜಿಯನ್ನು ನೋಡುತ್ತದೆ, ಕೈ ಚಾಚುತ್ತದೆ, ‘ನೀ’ ಎನ್ನುತ್ತದೆ. ಅಷ್ಟು ಸಾಕು. ‘ನೀರು! ನೀರು ಬೇಕಾ? ತಗೋ ನೀರು’ ಎಂದು ಹೊಯ್ಯಬೇಕು. ‘ಸರಿಯಾಗಿ ಹೇಳು, ನೀರು ಅಂತ ಹೇಳು’ ಎಂದು ಕಾಡಿಸಬಾರದು. ಮಗು ಕೈ ಮಾತ್ರ ಚಾಚಿದರೂ ನೀರು ಸಿಗಬೇಕು, ಅಜ್ಜಿಯ ಬಾಯಿಂದ ‘ನೀರು’ ಕೇಳಬೇಕು. ಮಗು ‘ನೀರು’ ಎನ್ನುವ ಮಟ್ಟಕ್ಕೆ ಬಂದ ಮೇಲೆ ಅಜ್ಜಿ ಒಂದು ಪದ ಮಾತ್ರ ಮುಂದೆ ಹೋಗಬೇಕು: ‘ಬಿಸಿ ನೀರು’.

ಇಲ್ಲಿರುವುದು ಮೂರು ಕೌಶಲ ಅಷ್ಟೇ. ಕಾಯುವುದು, ಮಗು ಹೇಳಿದ್ದನ್ನು ಸರಿಯಾದ ರೂಪದಲ್ಲಿ ಮರಳಿ ಹೇಳುವುದು, ಒಂದು ಪದ ಸೇರಿಸುವುದು. ಒಂದು ಭೇಟಿಗೆ ಒಂದೇ ಕೌಶಲ ಹೇಳಿಕೊಡಿ. ನೀವು ಮಾಡಿ ತೋರಿಸಿ, ಆಮೇಲೆ ಅವರು ಮಾಡಲಿ, ಅಲ್ಲೇ ಮೆಚ್ಚಿ ಹೇಳಿ.

ಮನೆಯ ಪದ್ಧತಿಗೆ ಒಗ್ಗಿಸುವುದು ಈಗ ಬರುತ್ತದೆ. ತಂದೆತಾಯಿಗೆ ಹೇಳಿಕೊಡುವ ಪ್ರಸಿದ್ಧ ಕಾರ್ಯಕ್ರಮಗಳೆಲ್ಲ ಒಂದು ಬಗೆಯ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು ಎಂದು ಸಂಶೋಧಕಿ ಆ್ಯನ್ ವ್ಯಾನ್ ಕ್ಲೀಕ್ 1994ರಲ್ಲೇ ಎಚ್ಚರಿಸಿದ್ದರು. ಅಲ್ಲಿ ದೊಡ್ಡವರು ಮಗುವಿನ ಆಟದ ಜೊತೆಗಾರರು, ಮಗು ಮುಂದಾಳು. ನೀವು ಹೋದ ಮನೆಯಲ್ಲಿ ದೊಡ್ಡವರು ಮಕ್ಕಳ ಜೊತೆ ಆಡುವುದು ರೂಢಿಯಲ್ಲಿಲ್ಲದಿದ್ದರೆ ಅವರನ್ನು ಬಲವಂತದಿಂದ ಕೂರಿಸಬೇಡಿ. ಆಡುವವರು ಯಾರು? ಅಕ್ಕ, ಅಣ್ಣ, ಪಕ್ಕದ ಮನೆಯ ಮಕ್ಕಳು. ಕಾಯುವುದು, ಮರಳಿ ಹೇಳುವುದು ಎಂಟು ವರ್ಷದ ಅಕ್ಕನಿಗೆ ಆಟದ ನಿಯಮದ ಹಾಗೆ ಬೇಗ ಬರುತ್ತದೆ. ಆದರೆ ಅದು ಅವಳ ಆಟವಾಗಿಯೇ ಇರಲಿ, ಡ್ಯೂಟಿ ಆಗದಿರಲಿ. ದೊಡ್ಡವರು ಕಥೆ ಹೇಳುವ ಮನೆಯಾದರೆ ಕಥೆ, ಹಾಡು ಇರುವ ಮನೆಯಾದರೆ ಹಾಡು. ಗೊತ್ತಿರುವ ಹಾಡಿನ ಸಾಲಿನ ಕೊನೆ ಪದ ಬಿಟ್ಟು ನಿಲ್ಲಿಸಿದರೆ ಮಗು ತಾನೇ ತುಂಬಲು ಬಾಯಿ ತೆರೆಯುತ್ತದೆ.

ಊದುವುದು, ನಾಲಿಗೆ ಹೊರಚಾಚಿ ಆಡಿಸುವುದು, ತುಟಿ ವ್ಯಾಯಾಮ ಇವುಗಳಿಗೆ ಸಮಯ ಹಾಳುಮಾಡಬೇಡಿ. ಉಚ್ಚಾರ ಸರಿಹೋಗಲು ಇವು ನೆರವಾಗುತ್ತವೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಮಾತು ಕಲಿಯುವುದು ಮಾತಾಡುತ್ತಾ.

ಆಟಿಕೆ, ಚಿತ್ರಪುಸ್ತಕ ಕೊಂಡು ಹಂಚುವುದಕ್ಕಿಂತ ಮಗುವಿನ ಮನೆಯ ಪಾತ್ರೆ, ಚಪ್ಪಲಿ, ಹಾಸಿಗೆ, ಮನೆಯವರ ಮುಖ ಇವುಗಳ ಫೋಟೊ ತೆಗೆದು ಒಂದು ಪುಟ್ಟ ಪುಸ್ತಕ ಮಾಡಿಕೊಡಿ. ಮಗು ತನ್ನದೇ ಅಜ್ಜಿಯ ಫೋಟೊ ಕಂಡು ಮಾತಾಡುವಷ್ಟು ಉತ್ಸಾಹದಿಂದ ಬೇರೆ ಯಾವ ಚಿತ್ರಕ್ಕೂ ಮಾತಾಡುವುದಿಲ್ಲ.

ಹಂತ 9: ಜಾಗ, ಸಮಯ, ಫೋನು

ಜನ ಹೇಗಿದ್ದರೂ ಬರುವ ಜಾಗಕ್ಕೆ ನೀವೇ ಹೋಗಿ. ಆರೋಗ್ಯ ಕೇಂದ್ರ, ಶಾಲೆ, ಪ್ರಾರ್ಥನೆಗೆ ಸೇರುವ ಜಾಗದ ಪಕ್ಕದ ಜಗುಲಿ. ಸಮಯ ಅವರ ಕೆಲಸ ಮುಗಿದ ಮೇಲೆ. ಸುಗ್ಗಿ, ಹಬ್ಬ, ವಲಸೆಯ ತಿಂಗಳುಗಳನ್ನು ಮೊದಲೇ ಕೇಳಿ ಗುರುತು ಹಾಕಿಕೊಂಡು ಆಗ ಬಿಡುವು ಕೊಡಿ. ಮತ್ತೆ ಶುರುಮಾಡುವ ದಿನವನ್ನೂ ಆಗಲೇ ಹೇಳಿಬಿಡಿ. ಐದಾರು ಕುಟುಂಬಗಳ ಗುಂಪು ಮಾಡಿದರೆ ಒಬ್ಬರಿಗೊಬ್ಬರು ಧೈರ್ಯ. ‘ನಿಮ್ಮ ಮಗುವೂ ಹೀಗೇನಾ’ ಎಂದು ಒಬ್ಬ ತಾಯಿ ಇನ್ನೊಬ್ಬಳನ್ನು ಕೇಳುವುದರಲ್ಲಿ ನಮ್ಮ ಯಾವ ಸಲಹೆಯಲ್ಲೂ ಇಲ್ಲದ ಸಮಾಧಾನ ಇದೆ.

ವಿಡಿಯೊ ಕರೆಯ ಥೆರಪಿ ಒಳ್ಳೆಯದೇ, ಆದರೆ ನೆಟ್‌ವರ್ಕ್ ಮತ್ತು ಡೇಟಾದ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ನೋಡಿ. ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಅದೂ ಹಗಲೆಲ್ಲ ತಂದೆಯ ಜೇಬಿನಲ್ಲಿ. ಅಂಥ ಕಡೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಸಾಕು. ರಾತ್ರಿ ಫೋನು ಮನೆಗೆ ಬಂದಾಗ ಎಲ್ಲರೂ ಕೇಳುತ್ತಾರೆ, ತಂದೆಯೂ ಕೇಳುತ್ತಾನೆ. ಮಗುವಿನ ವಿಡಿಯೊ ತರಿಸಿಕೊಂಡರೆ ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಹಂತ 10: ಕಾರಣದ ಮಾತು ಬಂದಾಗ

ಎಲ್ಲ ಕಡೆಯೂ ತಪ್ಪು ತಾಯಿಯ ಮೇಲೆ ಬೀಳುತ್ತದೆ. ಬಸುರಿಯಲ್ಲಿ ಏನು ತಿಂದಳು, ಏನು ನೋಡಿದಳು, ಕೆಲಸಕ್ಕೆ ಯಾಕೆ ಹೋದಳು. ಅತ್ತೆ, ಗಂಡ ಇರುವಾಗಲೇ ಗಟ್ಟಿಯಾಗಿ ಹೇಳಿ: ‘ಇದು ಇವಳ ತಪ್ಪಿನಿಂದ ಆದದ್ದಲ್ಲ. ಹುಟ್ಟಿನಿಂದಲೇ ಕೆಲವು ಮಕ್ಕಳಿಗೆ ಮಾತು ಕಲಿಯುವುದು ಕಷ್ಟ.’ ಈ ಒಂದು ಮಾತಿನಿಂದ ಆ ತಾಯಿಗೆ ಎಷ್ಟು ಬಲ ಬರುತ್ತದೆ ಎಂದರೆ, ಬೇರೆ ಯಾವ ಕೆಲಸ ಮರೆತರೂ ಇದನ್ನು ಮರೆಯಬೇಡಿ ಎನ್ನುತ್ತೇನೆ.

ಹರಕೆ, ತಾಯತ, ಪ್ರಾರ್ಥನೆ ಇದ್ದರೆ ಅದನ್ನು ಬಿಡಿಸಲು ಹೋಗಬೇಡಿ. ‘ಅದೂ ಇರಲಿ, ಜೊತೆಗೆ ಇದನ್ನೂ ಮಾಡೋಣ’ ಎಂದರೆ ಸಾಕು. ಗೆರೆ ಎಳೆಯಬೇಕಾದದ್ದು ಮಗುವಿಗೆ ನೋವಾಗುವ ಕಡೆ. ನಾಲಿಗೆಗೆ ಗಾಯ ಮಾಡುವುದು, ಬರೆ ಹಾಕುವುದು, ಹೊಡೆದು ಮಾತಾಡಿಸುವುದು, ಊಟ ಕೊಡದೆ ಹೇಳಿಸುವುದು ಕಂಡರೆ ಸ್ಪಷ್ಟವಾಗಿ ಬೇಡ ಎನ್ನಿ. ನಾಲಿಗೆ ಕಟ್ಟಿದೆ, ಕೊಯ್ಸಿದರೆ ಮಾತು ಬರುತ್ತದೆ ಎಂಬುದೂ ಸಾಮಾನ್ಯವಾಗಿ ಕೇಳಿಬರುವ ಮಾತು. ಮಗು ಮಾತೇ ಆಡದಿರಲು ಅದು ಕಾರಣವಾಗುವುದಿಲ್ಲ.

ಹಂತ 11: ಸ್ಥಳೀಯರನ್ನು ತಯಾರು ಮಾಡಿ, ಮಿತಿಯನ್ನೂ ಹೇಳಿ

ಥೆರಪಿಸ್ಟ್ ತಿಂಗಳಿಗೊಮ್ಮೆ ಮಾತ್ರ ಬರಬಲ್ಲ ಕಡೆ, ಅಲ್ಲಿನ ಒಬ್ಬ ಆರೋಗ್ಯ ಕಾರ್ಯಕರ್ತೆ ಅಥವಾ ಶಿಕ್ಷಕಿ ವಾರವಾರದ ಕೆಲಸ ನಡೆಸಬಹುದು. ಅವರಿಗೆ ಒಂದು ಸಲ ತರಬೇತಿ ಕೊಟ್ಟು ಕೈಬಿಟ್ಟರೆ ಏನೂ ಉಳಿಯುವುದಿಲ್ಲ. ತಿಂಗಳಿಗೊಮ್ಮೆಯಾದರೂ ಪಕ್ಕದಲ್ಲಿ ಕೂತು ಅವರ ಕೆಲಸ ನೋಡಬೇಕು. ಮಾಡಿದ ಕೆಲಸಕ್ಕೆ ಸಂಬಳವೂ ಸಿಗಬೇಕು.

ತಾವಾಗಿ ಮುಟ್ಟಬಾರದ ಸಂಗತಿಗಳನ್ನು ಬರೆದುಕೊಡಿ: ತಿನ್ನುವಾಗ ಕುಡಿಯುವಾಗ ಪದೇ ಪದೇ ಕೆಮ್ಮುವ, ನೆತ್ತಿಗೇರುವ ಮಗು, ಸೀಳು ಅಂಗುಳ ಅಥವಾ ಮಾತೆಲ್ಲ ಮೂಗಿನಲ್ಲಿ ಬರುವುದು, ವಾರಗಟ್ಟಲೆ ಒಡೆದ ಗಂಟಲು, ಫಿಟ್ಸ್, ಕಿವಿ ಸೋರುವುದು, ಬಂದ ಮಾತು ಹೋಗುವುದು. ಇವನ್ನೆಲ್ಲ ನೇರ ವೈದ್ಯರಿಗೆ ಅಥವಾ ತಜ್ಞರಿಗೆ ಕಳಿಸಬೇಕು. ಕಳಿಸುವಾಗ ಚೀಟಿ ಕೊಟ್ಟು ಕಳಿಸಿದರೆ ಸಾಲದು. ಯಾವ ದಿನ, ಯಾವ ಕೋಣೆ, ಏನು ಕಾಗದ ಬೇಕು ಎಂದು ಹೇಳಿ, ಸಾಧ್ಯವಾದರೆ ಮೊದಲ ಸಲ ಜೊತೆಗೇ ಹೋಗಿ.

ಹಂತ 12: ಮುಂದುವರಿಕೆ

ಮೂರು ತಿಂಗಳಿಗೊಮ್ಮೆ ಹಂತ 4ರ ಆ ಏಳು ಪ್ರಶ್ನೆಗಳನ್ನು ಮತ್ತೆ ಕೇಳಿ. ಐದು ನಿಮಿಷದ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹಳೆಯದರ ಜೊತೆ ಮನೆಯವರಿಗೂ ಕೇಳಿಸಿ. ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ, ಎರಡನ್ನೂ ಒಟ್ಟಿಗೆ ಕೇಳಿದಾಗ ಗೊತ್ತಾಗುತ್ತದೆ. ಏನೂ ಬದಲಾಗಿಲ್ಲದಿದ್ದರೆ ಮನೆಯವರು ಸರಿಯಾಗಿ ಮಾಡಲಿಲ್ಲ ಎಂಬ ತೀರ್ಮಾನಕ್ಕೆ ಬರುವ ಮುಂಚೆ ಕಿವಿಯನ್ನು ಮತ್ತೆ ನೋಡಿಸಿ, ಗುರಿಯನ್ನು ಚಿಕ್ಕದು ಮಾಡಿ.

ಮಗು ಶಾಲೆಗೆ ಹೊರಟಾಗ ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆಯಿರಿ, ಮನೆಯವರ ಒಪ್ಪಿಗೆ ಪಡೆದು. ಮಗು ಯಾವ ಭಾಷೆಯಲ್ಲಿ ಏನು ಹೇಳಬಲ್ಲದು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಯಾವ ಸನ್ನೆ ಬಳಸುತ್ತದೆ, ಬೇರೆ ಮಕ್ಕಳು ಅಣಕಿಸಿದರೆ ಏನು ಮಾಡಬೇಕು ಎಂಬುದಿಷ್ಟು ಇದ್ದರೆ ಸಾಕು. ರೋಗದ ಹೆಸರಿನಿಂದ ಪತ್ರ ಶುರುಮಾಡಬೇಡಿ, ಮಗುವಿಗೆ ಏನು ಇಷ್ಟ ಎಂಬುದರಿಂದ ಶುರುಮಾಡಿ. ಓದಲು ಬರೆಯಲು ಕಲಿಯುವ ಮೊದಲ ಎರಡು ವರ್ಷ ಭಾಷೆಯ ತೊಂದರೆ ಹೊಸ ರೂಪದಲ್ಲಿ ತಲೆ ಎತ್ತಬಹುದು. ಆದ್ದರಿಂದ ಆರು ತಿಂಗಳಿಗೊಮ್ಮೆ ನೀವೇ ಫೋನ್ ಮಾಡಿ ವಿಚಾರಿಸಿ, ಅವರಾಗಿ ಕರೆಯಲಿ ಎಂದು ಕಾಯಬೇಡಿ.